ವೃಷಭಾವತಿ ಕಣಿವೆಯ ಸೊಪ್ಪುಗಳ ಲೋಹ ಪರೀಕ್ಷೆ

ನೀರಿನಂಚಿನಲ್ಲಿ ತಾನಾಗಿ ಬೆಳೆಯುವ ಹೊನಗೊನೆ, ಒಂದೆಲಗದಂಥ ಸೊಪ್ಪುಗಳಲ್ಲಿ ಸೇರಿರಬಹುದಾದ ಭಾರಲೋಹಗಳನ್ನು ಅಳೆಯುವ ವಿಧಾನ. ಪಶ್ಚಿಮ ಬೆಂಗಳೂರಿನಲ್ಲಿ ಇದರ ಅಗತ್ಯಕ್ಕೆ ಕಾರಣ ವೃಷಭಾವತಿ. ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳನ್ನು ಕೂಡಿಸಿಕೊಂಡು, ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ಈ ನದಿ ಮೈಸೂರು ರಸ್ತೆಗುಂಟ ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತದೆ, ಮುಂದೆ ಅರ್ಕಾವತಿ.

ಹೊನಗೊನೆ ಕಣ್ಣಿಗೆ ಒಳ್ಳೆಯದು, ಒಂದೆಲಗದ ತಂಬುಳಿ ನೆನಪಿಗೆ ಒಳ್ಳೆಯದು ಎಂಬ ಮನೆಮಾತು ಹಳೆಯದು. ಆದರೆ ಸೊಂಪಾಗಿ ಬೆಳೆದ ಸೊಪ್ಪೆಲ್ಲ ಶುದ್ಧವಲ್ಲ. ಕೊಳಚೆಯ ಸಾರಜನಕ, ರಂಜಕಗಳೇ ಅದಕ್ಕೆ ಗೊಬ್ಬರವಾಗಿರಬಹುದು.

ಪ್ರಯೋಗಾಲಯದಲ್ಲಿ ಸೊಪ್ಪನ್ನು ತೊಳೆದು, ಒಣಗಿಸಿ, ಪುಡಿಮಾಡಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಹೆಚ್ಚು ಶಾಖದಲ್ಲಿ ಆವಿಯಾಗಿಸಿದಾಗ ಬಿಡಿಯಾಗುವ ಲೋಹದ ಪರಮಾಣುಗಳು ಯಾವ ಅಲೆಯುದ್ದದ ಬೆಳಕನ್ನು ಎಷ್ಟು ಹೀರುತ್ತವೆ ಎಂಬುದರಿಂದ ಲೋಹದ ಪ್ರಮಾಣ ತಿಳಿಯುತ್ತದೆ. ತೊಳೆಯದ ಮಾದರಿಯನ್ನೂ ಜೊತೆಗೆ ಪರೀಕ್ಷಿಸುವುದು ಜಾಣತನ: ರಸ್ತೆ ಧೂಳಿನೊಂದಿಗೆ ಎಲೆಯ ಮೇಲೆ ಕೂತ ಸೀಸ ಬಹುಮಟ್ಟಿಗೆ ತೊಳೆದುಹೋಗುತ್ತದೆ, ಬೇರಿನಿಂದ ಏರಿದ ಕ್ಯಾಡ್ಮಿಯಂ ಹೋಗುವುದಿಲ್ಲ.

ಆಯುರ್ವೇದ ಮೂಲಿಕೆಗಳಿಗೆ ನಿಗದಿಯಾದ ಗರಿಷ್ಠ ಮಿತಿ ಹತ್ತು ಲಕ್ಷ ಭಾಗಕ್ಕೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಇದು ಒಣ ಮೂಲಿಕೆಯ ಲೆಕ್ಕ. ಹಸಿ ಸೊಪ್ಪಿನ ಬಹುಪಾಲು ನೀರೇ ಆದ್ದರಿಂದ, ಅದರ ಅಂಕಿಯನ್ನು ಈ ಮಿತಿಯೊಂದಿಗೆ ನೇರವಾಗಿ ಹೋಲಿಸಿದರೆ ಕಲುಷಿತ ಸೊಪ್ಪೂ ಸಲೀಸಾಗಿ ಪಾಸಾಗಿಬಿಡುತ್ತದೆ.