ಕಿತ್ತೂರು ಚನ್ನಮ್ಮನ ಪ್ರತಿಮೆ ಎಲ್ಲೆಲ್ಲಿ? ಸಮಾಧಿ ಎಲ್ಲಿ?

ಹುಬ್ಬಳ್ಳಿಯಲ್ಲಿ ಆಟೋ ಹತ್ತಿ 'ಚನ್ನಮ್ಮ ಸರ್ಕಲ್' ಅಂದ್ರೆ ಸಾಕು, ಬೇರೆ ಗುರುತು ಹೇಳೋದು ಬೇಕಾಗಿಲ್ಲ. ಕುದುರೆ ಮೇಲೆ ಕತ್ತಿ ಹಿಡಿದು ಕೂತ ರಾಣಿಯ ಪ್ರತಿಮೆಯಿಂದಲೇ ಆ ವೃತ್ತಕ್ಕೆ ಹೆಸರು. ನಮ್ಮ ಬೆಳಗಾವಿಯಲ್ಲೂ ಚನ್ನಮ್ಮ ವೃತ್ತ ಇದೆ. ಪ್ರತಿಭಟನೆ ಅಂದ್ರೆ ಜನ ಸೇರೋದು ಅಲ್ಲೇ. ಕಿತ್ತೂರು, ಬೆಂಗಳೂರಲ್ಲೂ ಪ್ರತಿಮೆಗಳಿವೆ. ದೆಹಲಿಯ ಸಂಸತ್ ಭವನದ ಆವರಣದ ಪ್ರತಿಮೆಯನ್ನು 2007ರ ಸೆಪ್ಟೆಂಬರ್ 11ರಂದು ಅನಾವರಣ ಮಾಡಿದವರು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್. ದೇಶದ ಮೊದಲ ಮಹಿಳಾ ರಾಷ್ಟ್ರಪತಿಯ ಕೈಯಿಂದ ಆಗಿದ್ದು ಸರಿಯಾಗೇ ಇತ್ತು ಅನ್ನಿ.

ಆದರೆ ಕುದುರೆ, ಕತ್ತಿ ನೋಡಿದಾಗ ನೆನಪಾಗೋದು 1824ರ ಅಕ್ಟೋಬರ್ 23ರ ಗೆಲುವು ಮಾತ್ರ. ಅವತ್ತು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಲ್ಲಿ ಸತ್ತ. ಡಿಸೆಂಬರ್‌ನಲ್ಲಿ ಬ್ರಿಟಿಷರು ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದರು, ಕೋಟೆ ಬಿತ್ತು, ರಾಣಿ ಸೆರೆಯಾದರು. ಮುಂದಿನ ನಾಲ್ಕು ವರ್ಷ ಬೈಲಹೊಂಗಲ ಕೋಟೆಯಲ್ಲಿ ಬಂದಿ. 1829ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದೂ ಅಲ್ಲೇ, ರಣರಂಗದಲ್ಲಲ್ಲ. ಸರ್ಕಲ್‌ನಲ್ಲಿ ನಿಂತು ಸೆಲ್ಫಿ ತೆಗೆಯೋ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಸಮಾಧಿ ಇರೋದೂ ಬೈಲಹೊಂಗಲ ಪಟ್ಟಣದಲ್ಲೇ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗೋರು ಕೋಟೆ, ಮ್ಯೂಸಿಯಂ ನೋಡಿಕೊಂಡು ಹಾಗೇ ವಾಪಸ್ ಬರಬೇಡಿ. ಬೈಲಹೊಂಗಲದ ಬಸ್ ಹತ್ತಿ, ಸಮಾಧಿಗೂ ಹೋಗಿ ಬನ್ನಿ.