ಉಳಿಯ ಸಾಣೆ

ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಸಣ್ಣದೊಂದು ಲೇತ್ ಯಂತ್ರವನ್ನಿಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ಲೋಹವನ್ನು ಕಡೆಯುವ ಹವ್ಯಾಸವುಳ್ಳವರಿಗೆ ಯಂತ್ರಕ್ಕಿಂತ ಉಳಿಯೇ ಹೆಚ್ಚು ತೊಂದರೆ ಕೊಡುವುದೆಂಬುದು ಅನುಭವಸಿದ್ಧವಾದ ಮಾತು. ಮೊಂಡಾದ ಉಳಿಯಿಂದ ಕಬ್ಬಿಣವು ಸಿಪ್ಪೆಯಾಗಿ ಬಿಡುವುದಿಲ್ಲ, ಪರಚಿಕೊಂಡು ಬರುತ್ತದೆ. ಮಸೆಯೋಣವೆಂದು ಸಾಣೆಚಕ್ರಕ್ಕೆ ಒತ್ತಿದರೆ ನೋಡುನೋಡುತ್ತಿರುವಂತೆ ಮೊನೆಯು ನೀಲಿಗಟ್ಟುತ್ತದೆ. ಈ ಲೇಖಕನು ಹೀಗೆ ಕೆಡಿಸಿದ ಉಳಿಗಳ ಲೆಕ್ಕವನ್ನು ಹೇಳದಿರುವುದೇ ಲೇಸು. ಆ ನೀಲಿಯ ಕಲೆಗೆ ಒಂದು ಚರಿತ್ರೆಯಿದೆ. ಅದನ್ನು ಅರಿಕೆಮಾಡುವುದೇ ಈ ಬರಹದ ಉದ್ದೇಶ.

ಚರಿತ್ರೆಯ ಒಂದು ಎಳೆಯು ನಮ್ಮ ಸೀಮೆಯಿಂದಲೇ ಹೊರಡುತ್ತದೆ. ನಮ್ಮ "ಉಕ್ಕು" ಎಂಬ ಶಬ್ದವೇ ಆಂಗ್ಲರ ಬಾಯಲ್ಲಿ "ವೂಟ್ಸ್" ಆಯಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತನು ಈ ಲೋಹವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಸಾಹೇಬನು, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನಿಟ್ಟು ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟನು. ಲಂಡನ್ನಿನಲ್ಲಿ ಕತ್ತಿ ಕ್ಷೌರಕತ್ತಿಗಳನ್ನು ಮಾಡುತ್ತಿದ್ದ ಸ್ಟೋಡಾರ್ಟನು ಈ ಉಕ್ಕನ್ನು ಬಹುವಾಗಿ ಮೆಚ್ಚಿದ್ದನು. ಆತನೂ ಮೈಕೇಲ್ ಫ್ಯಾರಡೆಯೂ ಕೂಡಿ ಉಕ್ಕಿನ ಮಿಶ್ರಲೋಹಗಳ ವಿಷಯವಾಗಿ 1820ರಲ್ಲಿಯೂ 1822ರಲ್ಲಿಯೂ ತಮ್ಮ ಪರೀಕ್ಷೆಗಳನ್ನು ಪ್ರಕಟಿಸಿದರು. ಸಾಣೆಗೆ ಬೇಕಾದ ಕುರುಂದದ ಕಲ್ಲಿನ ಹೆಸರೂ "ಕೊರಂಡಂ" ಆಗಿ ಈ ದಕ್ಷಿಣದೇಶದಿಂದಲೇ ಅತ್ತ ಹೋಯಿತು. ಆ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುವುದನ್ನು ನಮ್ಮ ಸಾಣೆಯವರು ಬಲ್ಲವರಾಗಿದ್ದರು. ಇಷ್ಟರಿಂದ ಬೀಗುವುದಕ್ಕೆ ಕಾರಣವಿಲ್ಲ. ಮೂಸೆಯ ಉಕ್ಕಿನ ಹದವು ತಂದೆಯ ಕೈಯಿಂದ ಮಗನ ಕೈಗೆ ಬಂದದ್ದು. ಕುಲುಮೆಗಳು ಆರಿದಾಗ ಹದವೂ ಆರಿತು. ಉಳಿದದ್ದನ್ನು ಬಹುಮಟ್ಟಿಗೆ ನಾವು ಪರದೇಶದವರ ದಿನಚರಿಗಳಿಂದ ಓದಿಕೊಳ್ಳಬೇಕಾಗಿದೆ.

ಹಳೆಯ ಉಕ್ಕಿನ ಉಳಿಗಳಿಗೆಲ್ಲ ಒಂದು ದೋಷವಿತ್ತು. ಕಾಯಿಸಿ ನೀರಿಗದ್ದಿ ಗಡಸುಮಾಡಿದ ಉಳಿಯನ್ನು ಮತ್ತೆ ಸ್ವಲ್ಪ ಕಾಯಿಸಿದರೆ ಸುಮಾರು 230 ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಬಣ್ಣವೂ, 300ರ ಸಮೀಪದಲ್ಲಿ ನೀಲಿಯೂ ಮೂಡುತ್ತವೆ. ನೀಲಿ ಬಂದಿತೆಂದರೆ ಲೋಹವನ್ನು ಕಡೆಯುವಷ್ಟು ಗಡಸುತನ ಹೋಯಿತೆಂದೇ ಅರ್ಥ. ಆದಕಾರಣ ಯಂತ್ರವನ್ನು ನಿಧಾನವಾಗಿಯೇ ತಿರುಗಿಸಬೇಕಾಗಿದ್ದಿತು. 1868ರಲ್ಲಿ ರಾಬರ್ಟ್ ಮಷೆಟ್ ಎಂಬ ಆಂಗ್ಲನು ಟಂಗ್‌ಸ್ಟನ್ ಧಾತುವನ್ನು ಬೆರೆಸಿ, ನೀರಿನ ಹಂಗಿಲ್ಲದೆ ಗಾಳಿಯಲ್ಲಿಯೇ ಗಡಸಾಗುವ ಉಕ್ಕನ್ನು ಮಾಡಿದನು.

ಅನಂತರ ಬಂದವನು ಅಮೆರಿಕದ ಫ್ರೆಡರಿಕ್ ಟೇಲರ್. ಫಿಲಡೆಲ್ಫಿಯದ ಸ್ಥಿತಿವಂತರ ಮನೆಯ ಮಗನಾದರೂ 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿದವನು. ಅಲ್ಲಿ ಪ್ರತಿಯೊಬ್ಬ ಕೆಲಸಗಾರನೂ ತನ್ನ ಉಳಿಯನ್ನು ತನಗೆ ತೋರಿದ ಆಕಾರದಲ್ಲಿ ತಾನೇ ಮಸೆದುಕೊಳ್ಳುತ್ತಿದ್ದನು. ಇವುಗಳಲ್ಲಿ ಸರಿಯಾದುದು ಯಾವುದೆಂಬ ಪ್ರಶ್ನೆಯನ್ನು ಹಿಡಿದು 1880ರಲ್ಲಿ ಪರೀಕ್ಷೆಗಳನ್ನು ಆರಂಭಿಸಿದ ಟೇಲರನು, ಆರು ತಿಂಗಳಲ್ಲಿ ಮುಗಿಯಬಹುದೆಂದು ಭಾವಿಸಿದ್ದ ಕೆಲಸವನ್ನು 26 ವರ್ಷ ನಡೆಸಿದನು. ಬರೆದಿಟ್ಟ ಪರೀಕ್ಷೆಗಳೇ 30,000ಕ್ಕೂ ಮೇಲಾದುವು. 8 ಲಕ್ಷ ಪೌಂಡು ಲೋಹವು ಸಿಪ್ಪೆಯಾಗಿ ಹೋಯಿತು. ಬೆತ್ಲೆಹೆಮ್ಮಿನ ಕಾರ್ಖಾನೆಯಲ್ಲಿ 1898ರಿಂದೀಚೆಗೆ ಆತನೂ ಮಾನ್ಸೆಲ್ ವೈಟ್ ಎಂಬಾತನೂ ಕಂಡುಕೊಂಡ ಸಂಗತಿಯಂತೂ ಕಮ್ಮಾರರ ನಂಬಿಕೆಯನ್ನೇ ತಲೆಕೆಳಗು ಮಾಡಿತು: ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆತ ಉಕ್ಕನ್ನು ಅತಿಯಾಗಿ ಕಾಯಿಸಿದರೆ ಕೆಡುವುದು ನಿಜ, ಆದರೆ ಅದನ್ನೂ ಮೀರಿ, ಕರಗುವ ಅಂಚಿನವರೆಗೆ ಕಾಯಿಸಿದರೆ ಅದು ಮೊದಲಿಗಿಂತ ಉತ್ತಮವಾಗುತ್ತದೆ! 1900ರ ಪ್ಯಾರಿಸ್ ಪ್ರದರ್ಶನದಲ್ಲಿ, ಮೊನೆಯು ಕೆಂಪಾಗಿ ಉರಿಯುತ್ತಿದ್ದರೂ ಉಕ್ಕನ್ನು ಕಡೆಯುತ್ತಲೇ ಇದ್ದ ಉಳಿಯನ್ನು ಕಂಡು ಯೂರೋಪಿನ ಯಂತ್ರಶಾಸ್ತ್ರಜ್ಞರು ಬೆರಗಾದರು.

1906ರಲ್ಲಿ ಟೇಲರನು ಈ ಎಲ್ಲವನ್ನೂ ಒಂದು ದೀರ್ಘಪ್ರಬಂಧವಾಗಿ ಪ್ರಕಟಿಸಿದನು. ಅದರಲ್ಲಿ ಸಾಣೆಯನ್ನು ಕುರಿತು ಬರೆದ ಭಾಗವು ಮನೆಯಲ್ಲಿ ಕೆಲಸ ಮಾಡುವವರಿಗೆ ಈಗಲೂ ಉಪಯುಕ್ತವಾದುದು. ಉಳಿಗಳು ಸಾಣೆಯಲ್ಲಿ ಅತಿಯಾಗಿ ಕಾದು ಕೆಡುವುದು ಕಾರ್ಖಾನೆಗಳ ದೊಡ್ಡ ನಷ್ಟಗಳಲ್ಲೊಂದೆಂದು ಆತನ ಅಭಿಪ್ರಾಯ. ಉಳಿಯ ಮುಖವು ಕಲ್ಲಿಗೆ ಪೂರ್ತಿಯಾಗಿ ಅಂಟಿಕೊಂಡರೆ ಕಾವು ಏರುವುದು; ಆದುದರಿಂದ ಅದನ್ನು ಒಂದೇ ಕಡೆ ಒತ್ತದೆ ಆಡಿಸುತ್ತಲೇ ಇರಬೇಕು, ಮೊನೆಯ ಮೇಲೆಯೇ ನಿಮಿಷಕ್ಕೆ 5 ಗ್ಯಾಲನ್ ನೀರು ಬೀಳುತ್ತಿರಬೇಕು. ನಮ್ಮಲ್ಲಿ ಐದು ಗ್ಯಾಲನ್ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಒಂದು ಡಬ್ಬಿ ನೀರಿಟ್ಟುಕೊಂಡು ಆಗಾಗ ಅದ್ದುವುದೇ ಗತಿ. ಅದೂ ಹಳೆಯ ಉಕ್ಕಿಗೆ ಮಾತ್ರ ಸಲ್ಲುತ್ತದೆ. ಟೇಲರನ ಜಾತಿಯ ಉಕ್ಕು ನೀಲಿಗಟ್ಟಿದರೂ ಕೆಡುವುದಿಲ್ಲ; ಅದನ್ನು ಬಿಸಿಬಿಸಿಯಾಗಿ ನೀರಿಗದ್ದಿದರೆ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಯಾವುದು ಯಾವ ಉಕ್ಕೆಂದು ತಿಳಿಯಲು ಕಿಡಿಯನ್ನು ನೋಡಬೇಕು: ಹಳೆಯದರ ಕಿಡಿ ಬೆಳ್ಳಗೆ ಹೂವಿನಂತೆ ಸಿಡಿಯುವುದು, ಹೊಸದರದು ಮಂಕಾದ ಕೆಂಪುಗೆರೆಯಾಗಿ ಜಾರುವುದು.

ಇಷ್ಟೆಲ್ಲ ಉಪಕಾರ ಮಾಡಿದ ಟೇಲರನ ಮೇಲೆ ಕೆಲಸಗಾರರಿಗೆ ಪ್ರೀತಿಯಿರಲಿಲ್ಲ. ಉಳಿಗಳೆಲ್ಲವನ್ನೂ ಬೇರೊಂದು ಕೋಣೆಯಲ್ಲಿ ಒಂದೇ ಆಕಾರಕ್ಕೆ ಮಸೆದು ಕೊಡತಕ್ಕದ್ದೆಂದೂ, ಯಂತ್ರದವನು ಸಾಣೆಯ ಗೊಡವೆಗೆ ಹೋಗಕೂಡದೆಂದೂ ಆತನ ಕಟ್ಟಳೆ. ಅದರ ಹಿಂದೆಯೇ ಕೈಗಡಿಯಾರವನ್ನು ಹಿಡಿದು ಕೆಲಸದ ಕ್ಷಣಗಳನ್ನೆಣಿಸುವ ಕ್ರಮವೂ ಬಂದಿತು. 1911ರಲ್ಲಿ ವಾಟರ್‌ಟೌನಿನ ಸರಕಾರಿ ಶಸ್ತ್ರಾಗಾರದ ಎರಕದವರು ಇದನ್ನು ಸಹಿಸದೆ ಕೆಲಸ ನಿಲ್ಲಿಸಿದರು. ನಮ್ಮ ಕುಲುಮೆಯವನ ವಿದ್ಯೆಯು ಬರೆಯದೆ ಹೋದದ್ದರಿಂದ ನಶಿಸಿತು. ಅಲ್ಲಿಯವನದು ಬರವಣಿಗೆಗೆ ಇಳಿದು ಉಳಿಯಿತು, ಅವನ ಕೈಯಲ್ಲಿ ಉಳಿಯಲಿಲ್ಲ. ಎರಡರಲ್ಲಿ ಯಾವುದು ಹೆಚ್ಚಿನ ನಷ್ಟವೆಂದು ನಿರ್ಣಯಿಸುವುದು ನನಗೆ ಸುಲಭವಾಗಿ ತೋರುವುದಿಲ್ಲ.

1927ರ ಸುಮಾರಿಗೆ ಜರ್ಮನಿಯ ಕ್ರುಪ್ ಸಂಸ್ಥೆಯವರು ಟಂಗ್‌ಸ್ಟನ್ ಕಾರ್ಬೈಡಿನ ಉಳಿಯನ್ನು ಮಾರಾಟಕ್ಕೆ ತಂದರು. ಇಂದಿನ ಕಾರ್ಖಾನೆಗಳಲ್ಲಿ ಅದರ ಚೂರನ್ನು ಹಿಡಿಗೆ ಬಿಗಿದು, ಮೊನೆ ಸವೆದರೆ ಮಗ್ಗುಲು ತಿರುಗಿಸಿ, ಮಗ್ಗುಲೆಲ್ಲ ಸವೆದರೆ ತೆಗೆದುಹಾಕುತ್ತಾರೆ. ಸಾಣೆಯ ಮಾತೇ ಇಲ್ಲ. ಮನೆಯ ಕೊಟ್ಟಿಗೆಯವನು ಮಾತ್ರ ತಗಡನ್ನು ಕತ್ತರಿಸಿ ಮಾಡಿದ ಕೋನಮಾಪಕವನ್ನು ಉಳಿಯ ಮೂತಿಗೆ ಹಿಡಿದು, ಟೇಲರನು ಹೇಳಿದ ಆರು ಅಂಶದ ಇಳಿಜಾರು ಬಂದಿತೋ ಇಲ್ಲವೋ ಎಂದು ಬೆಳಕಿಗೆ ಎತ್ತಿ ನೋಡುತ್ತಾನೆ.