ವಸಂತಸೇನೆ ಯಾರು?

ದೇವರಮನೆ ಕಡೆ ಯಾರನ್ನೇ ಕೇಳಿ, ಟಿ.ಪಿ. ಕೈಲಾಸಂ ಹೆಸರು ಗೊತ್ತಿರುತ್ತೆ. ಅವರು ಶಕಾರನಾದ ‘ವಸಂತಸೇನಾ’ ಮೂಕಿಚಿತ್ರದ ನಾಯಕಿ ಯಾರು ಅಂದ್ರೆ ಉತ್ತರ ಸಿಗೋದು ಕಷ್ಟ. ನನಗೂ ಕುತೂಹಲದಿಂದ ಹುಡುಕಿದ ಮೇಲೇ ಗೊತ್ತಾಗಿದ್ದು: ಏಣಾಕ್ಷಿ ರಾಮರಾವ್. ಜೊತೆಗೆ ಮದನಿಕೆಯಾಗಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮರ್ಯಾದಸ್ಥರ ಮನೆ ಹೆಣ್ಮಕ್ಕಳು ಸಿನಿಮಾಕ್ಕೆ ಹೋಗಬಾರದು ಅನ್ನುತ್ತಿದ್ದ ಕಾಲ ಅದು.

1928ರ ‘ಶಿರಾಜ್’ನಲ್ಲಿ ಮುಮ್ತಾಜ್ ಆದವರೂ ಏಣಾಕ್ಷಿಯೇ. ಮುಂದೆ ‘ವಸಂತಸೇನಾ’ದ ನಿರ್ದೇಶಕ ಮೋಹನ್ ಭವನಾನಿಯವರನ್ನು ಮದುವೆಯಾದರು, ಭಾರತೀಯ ನೃತ್ಯದ ಬಗ್ಗೆ ಪುಸ್ತಕ ಬರೆದರು.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ‘ಶಿರಾಜ್’ ಅನ್ನು ದುರಸ್ತಿ ಮಾಡಿ 2017ರಲ್ಲಿ ಲಂಡನ್ನಿನಲ್ಲಿ ತೋರಿಸಿತು. ಅಲ್ಲಿನವರು ಆ ಮುಖವನ್ನು ಕಾಪಾಡಿಕೊಂಡರು. ಕೈಲಾಸಂ ಹೆಸರಿನ ಜೊತೆ ಏಣಾಕ್ಷಿ ಹೆಸರನ್ನೂ ಹೇಳೋದು ನಮ್ಮ ಪಾಲಿನ ಕೆಲಸ.